ಯಜಮಾನಿ ಸಿಗುತ್ತಿಲ್ಲ

ನೀರು ಸರಬರಾಜು ಕಚೇರಿಯಿಂದ ಫೋನ್ ಬಂದಾಗ ಭಾವ ಬಾಲ್ಕನಿಯಲ್ಲಿ ಕೂತು ಹೆಂಡತಿಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಯಾರ ಭಾವ ಎಂದು ಆ ಕಚೇರಿಯಲ್ಲಿ ಯಾರೂ ಕೇಳಿದವರಲ್ಲ. ಹೆಂಡತಿಯ ತಮ್ಮ ಅದೇ ವಿಭಾಗಕ್ಕೆ ಕೆಲಸಕ್ಕೆ ಸೇರಿದ ದಿನದಿಂದ ಅವನು ಕರೆದ ಹಾಗೇ ಎಲ್ಲರೂ ಕರೆದರು. ಗುಮಾಸ್ತರು, ಪಂಪ್ ಆಪರೇಟರುಗಳು, ಗೇಟಿನ ಕಾವಲುಗಾರ, ಕೊನೆಗೆ ಹಿರಿಯ ಇಂಜಿನಿಯರೂ. ನಿವೃತ್ತಿಯ ದಿನ ಭಾಷಣ ಮಾಡಿದ ದೊಡ್ಡ ಅಧಿಕಾರಿ ಅವರ ನಿಜವಾದ ಹೆಸರು ನಾಲಿಗೆಗೆ ಬರದೆ, ‘ನಮ್ಮೆಲ್ಲರ ಭಾವ’ ಎಂದು ಪಾರಾಗಿದ್ದರು.

‘ಭಾವ ಅವರಾ? ನಾನು ನೆಟ್‌ವರ್ಕ್ ವಿಭಾಗದ ಮುಖ್ಯಸ್ಥೆ. ನೀವು ಬಿಟ್ಟ ಮೇಲೆ ಬಂದೋಳು, ನಿಮಗೆ ನನ್ನ ಗುರುತಿರಲ್ಲ,’ ಎಂದಿತು ಆ ಕಡೆಯ ದನಿ. ‘ನಿಮ್ಮ ಹಳೇ ಸಾಫ್ಟ್‌ವೇರು ಏಳ್ತಾನೇ ಇಲ್ಲ.’

‘ಏಳ್ತಾ ಇಲ್ಲ ಅಂದ್ರೆ?’

‘ಶುರು ಮಾಡೋ ಕಮಾಂಡ್ ಕೊಟ್ರೆ ಎರರ್. ಹೋದ ತಿಂಗಳು ಕಟ್ಟಡದ ವೈರಿಂಗ್ ಬದಲಾಯಿಸೋವಾಗ ಕರೆಂಟು ತೆಗೆದಿದ್ರು. ಆವಾಗ ಮಲಗಿದ್ದು ಮಲಗೇ ಇದೆ. ಹೊಸದು ಬಂದಿದೆ, ನಿಜ. ಆದ್ರೆ ಪಂಪ್ ಹೌಸುಗಳ ಸಂಪರ್ಕದ ಪೆಟ್ಟಿಗೆಗಳ ಸೆಟ್ಟಿಂಗೆಲ್ಲ ಹಳೇದರ ಹೊಟ್ಟೇಲೇ ಇದೆ. ಒಂದೇ ಒಂದು ಸಲ ಎದ್ರೆ ಸಾಕು, ತೆಗೆದುಕೊಂಡು ಬಿಡ್ತೀನಿ.’

ಭಾವನ ಕೈಯಲ್ಲಿದ್ದ ಎಣ್ಣೆ ಡಬ್ಬಿ ಓರೆಯಾಗಿ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಸಾಫ್ಟ್‌ವೇರು ಅವರು ಕೈಯಾರೆ ಕಟ್ಟಿ ನಿಲ್ಲಿಸಿದ್ದು. ಊರಿನ ಪಂಪ್ ಹೌಸುಗಳನ್ನೆಲ್ಲ ಒಂದೇ ಪರದೆಯ ಮೇಲೆ ತಂದು, ಯಾವುದರ ಸಂಪರ್ಕ ಜೀವಂತ, ಯಾವುದು ಸತ್ತಿದೆ ಎಂದು ಹಸಿರು ಕೆಂಪು ಚುಕ್ಕಿಗಳಲ್ಲಿ ತೋರಿಸುತ್ತಿದ್ದ ನಕ್ಷೆ ಅದು. ಬೆಳಿಗ್ಗೆ ಕಣ್ಣು ಬಿಟ್ಟರೆ ಆ ಚುಕ್ಕಿಗಳು, ಮುಚ್ಚಿದರೂ ಅವೇ.

‘ಬರ್ತೀನಿ ಮೇಡಂ,’ ಎಂದರು.

‘ನಿಮ್ಮ ಜೊತೆ ಇದ್ದ ಇನ್ನೊಬ್ಬರಿಗೂ ಹೇಳಿದೀನಿ. ಇಬ್ಬರಿಗೂ ಅರ್ಧರ್ಧ ಗೊತ್ತಂತೆ.’

ಭಾವ ಫೋನ್ ಇಟ್ಟು ಒಳಗೆ ಹೋದರು. ಹೆಂಡತಿ ಬಟ್ಟೆ ಮಡಿಸುತ್ತಾ ಕೂತಿದ್ದಳು. ತಲೆ ಎತ್ತದೆ, ‘ಹೋಗಿಬನ್ನಿ,’ ಎಂದಳು.

‘ಎಲ್ಲಿಗೆ ಅಂತ ನಿನಗೆ ಹೇಗೆ ಗೊತ್ತು?’

‘ನನ್ನ ತಮ್ಮ ಆಗಲೇ ಫೋನ್ ಮಾಡಿದ್ದ. ಭಾವ ಬರೋದಾದ್ರೆ ನಾನು ಬರಲ್ಲ ಅಂದ. ಅವರು ಬರಲ್ಲ, ನೀನು ಹೋಗು ಅಂದೆ.’

‘ಸುಳ್ಳು ಹೇಳಿದ್ಯಾ?’

‘ಅವನು ಬರಲ್ಲ ಅಂತ ನಿಮಗೂ ಒಂದು ಹೇಳೋಳಿದ್ದೆ. ಅಷ್ಟರಲ್ಲಿ ಫೋನಿನಲ್ಲಿ ಆ ಕಚೇರಿ ಹುಡುಗಿ ಬಾಯಿಬಿಟ್ಟಳು.’

ಭಾವನಿಗೂ ಭಾಮೈದನಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ಮೊದಲು ಹಾಗಿರಲಿಲ್ಲ. ಅವನನ್ನು ಕೆಲಸಕ್ಕೆ ಸೇರಿಸಿದವರೂ ಅವರೇ, ಕೇಬಲ್ ಹೆಣೆಯಲು ಕಲಿಸಿದವರೂ ಅವರೇ. ಆಮೇಲೊಂದು ದಿನ ಅವನು ಕಚೇರಿಗೆ ಬರಲಿಲ್ಲ. ಯಂತ್ರಗಳನ್ನು ಮಾರುವ ಬೇರೊಂದು ಕಂಪನಿಗೆ ಸೇರಿದ್ದಾನೆಂದು ಭಾವನಿಗೆ ತಿಳಿದದ್ದು ಕ್ಯಾಂಟೀನಿನವನ ಬಾಯಿಂದ. ಅದರ ಮುಂದಿನ ವಾರ ಮನೆಯಲ್ಲಿ ನೆಂಟರೆಲ್ಲ ಸೇರಿದ್ದಾಗ ಅವರ ಬಾಯಿ ಜಾರಿತು. ‘ನಾನು ಕೈ ಹಿಡಿದು ಕರ್ಕೊಂಡು ಹೋಗದಿದ್ರೆ ಇವನು ಇವತ್ತಿಗೂ ಬೀದಿ ಅಳೀತಿದ್ದ,’ ಎಂದರು. ಭಾಮೈದ ತಟ್ಟೆಯಿಂದ ಕೈ ತೆಗೆದು ಎದ್ದುಹೋದ. ಅಂದಿನಿಂದ ಮದುವೆ ಮುಂಜಿಗಳಲ್ಲಿ ಎದುರಾದರೂ ಮಾತೆಲ್ಲ ಅಕ್ಕನ ಮೂಲಕ. ‘ಅಕ್ಕಾ, ಭಾವನಿಗೆ ಕುರ್ಚಿ ಬೇಕಾ ಕೇಳು.’ ‘ಬೇಡ ಅಂತ ಹೇಳು ನಿನ್ನ ತಮ್ಮನಿಗೆ.’ ನಡುವೆ ನಿಂತು ನಿಂತು ಅವಳಿಗೆ ಸಾಕೋಸಾಕಾಗಿತ್ತು.

ಸರ್ವರ್ ಕೋಣೆ ಮೀಟರ್ ರಿಪೇರಿ ಶೆಡ್ಡಿನ ಹಿಂದೆ ಇತ್ತು. ಭಾವ ಬಾಗಿಲು ತಳ್ಳಿದೊಡನೆ ಅದೇ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಬಿಸಿಯಾದ ಪ್ಲಾಸ್ಟಿಕ್ಕು, ಧೂಳು, ಅದರ ಜೊತೆಗೆ ಎಲ್ಲೋ ಗೋಡೆಯೊಳಗೆ ತೊಟ್ಟಿಕ್ಕುವ ಎ.ಸಿ. ನೀರಿನ ವಾಸನೆ. ಮೂಗು ಮೊದಲು ಗುರುತಿಸಿತು, ಕಣ್ಣು ಆಮೇಲೆ. ಅರ್ಧಕ್ಕರ್ಧ ಕಪಾಟುಗಳನ್ನು ಕಿತ್ತು ಒಯ್ದಿದ್ದರು. ಅವು ನಿಂತಿದ್ದ ಕಡೆ ನೆಲದ ಬಣ್ಣ ಮಾಸದೆ ಹೊಸದರಂತೆ ಉಳಿದಿತ್ತು. ಕಿಟಕಿಯ ಪಕ್ಕದ ಮೇಜು ಮಾತ್ರ ಇದ್ದಲ್ಲೇ ಇತ್ತು. ಅದರ ಒಂದು ಕಾಲಿನ ಕೆಳಗೆ ಅವರೇ ಮಡಿಸಿ ಇಟ್ಟಿದ್ದ ರಟ್ಟೂ.

ಮೇಜಿನ ಆ ತುದಿಯಲ್ಲಿ ಭಾಮೈದ ಕೂತಿದ್ದ. ಕೂದಲು ತೆಳ್ಳಗಾಗಿ ಹಣೆ ತಲೆಯ ನಡುವಿನವರೆಗೂ ಹಬ್ಬಿತ್ತು. ಭಾವನನ್ನು ಕಂಡು ಎದ್ದು ನಿಂತ. ಹೋಗಲೆಂದು ಎದ್ದನೋ, ದೊಡ್ಡವರು ಬಂದರೆಂದು ಎದ್ದನೋ, ಅವನಿಗೇ ಗೊತ್ತಿದ್ದಂತಿರಲಿಲ್ಲ. ಕೊನೆಗೆ ಕೂತ.

ಮುಖ್ಯಸ್ಥೆ ಚುರುಕು ಕಣ್ಣಿನ, ಗಡಿಬಿಡಿಯಿಲ್ಲದ ಹೆಂಗಸು. ಇಬ್ಬರ ನಡುವೆ ಕುರ್ಚಿ ಎಳೆದುಕೊಂಡು ಕೂತು, ಶುರು ಮಾಡುವ ಕಮಾಂಡನ್ನು ಟೈಪಿಸಿ ತೋರಿಸಿದರು. ಇಂಥ ಕಮಾಂಡೇ ಇಲ್ಲ ಎಂದು ಯಂತ್ರ ಮುಖಕ್ಕೆ ಹೊಡೆದ ಹಾಗೆ ಹೇಳಿತು.

‘ಇದೇ ನಾನು ಹೇಳಿದ ಎರರ್,’ ಎಂದರು ಅವರು.

ಭಾವ ನಕ್ಕರು. ‘ಕಮಾಂಡ್ ಇದೆ ಮೇಡಂ. ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ ಅಷ್ಟೇ. ನಾವು ಲಾಗಿನ್ ಆದ ಕೂಡಲೇ ದಾರಿ ತಾನಾಗಿ ತಿಳಿಯೋ ಹಾಗೆ ಬರೆದಿಟ್ಟಿದ್ವಿ. ನಿಮ್ಮ ಹೊಸ ಲಾಗಿನ್ನಿಗೆ ಆ ದಾರಿ ಯಾರೂ ಹೇಳಿಲ್ಲ. ಪೂರ್ತಿ ವಿಳಾಸ ಕೊಟ್ಟು ಕರೀರಿ.’

‘ಪೂರ್ತಿ ವಿಳಾಸ ಏನು?’

ಭಾವ ಬಾಯಿ ತೆರೆದರು. ನಿದ್ದೆಗಣ್ಣಲ್ಲೂ ಹೇಳುತ್ತಿದ್ದ ಫೋಲ್ಡರಿನ ಹೆಸರು, ನಾಲಿಗೆಯ ತುದಿಯವರೆಗೆ ಬಂದು ಮತ್ತೆ ಒಳಗೆ ಇಳಿಯಿತು. ಮುಖ್ಯಸ್ಥೆ ಕಾಯಲಿಲ್ಲ. ಡಿಸ್ಕನ್ನೇ ಹುಡುಕಲು ಹಚ್ಚಿ, ಒಂದು ಕ್ಷಣದಲ್ಲಿ ವಿಳಾಸ ಹಿಡಿದು ತಂದರು. ಭಾವನಿಗೆ ಒಂದಿಷ್ಟು ಪೆಚ್ಚಾಯಿತು, ಒಂದಿಷ್ಟು ಖುಷಿಯೂ ಆಯಿತು. ತಮ್ಮ ಕುರ್ಚಿ ತಕ್ಕವರ ಕೈಗೇ ಸಿಕ್ಕಿದೆ.

ಪೂರ್ತಿ ವಿಳಾಸ ಕೊಟ್ಟು ಕರೆದಾಗ ಯಂತ್ರ ಹೊಸ ರಾಗ ತೆಗೆಯಿತು. ಈ ಸಾಫ್ಟ್‌ವೇರು ಈಗಾಗಲೇ ಓಡುತ್ತಿದೆ, ಎರಡನೆಯ ಸಲ ಶುರು ಮಾಡಲಾಗದು.

‘ಓಡ್ತಾ ಇದ್ರೆ ನಾನ್ಯಾಕೆ ನಿಮ್ಮನ್ನ ಕರೀತಿದ್ದೆ?’ ಎಂದರು ಮುಖ್ಯಸ್ಥೆ ಪರದೆಗೆ.

ಭಾಮೈದ ಗಂಟಲು ಸರಿಮಾಡಿಕೊಂಡ. ‘ಮೇಡಂ, ಅವರಿಗೆ ಹೇಳಿ. ಅದು ಶುರುವಾದಾಗ ನಾನು ಎದ್ದಿದೀನಿ ಅಂತ ಒಂದು ಚಿಕ್ಕ ಫೈಲ್ ಬರೆದಿಡುತ್ತೆ. ಸರಿಯಾಗಿ ನಿಲ್ಲಿಸಿದ್ರೆ ತಾನೇ ಅಳಿಸಿಕೊಂಡು ಹೋಗುತ್ತೆ. ಕರೆಂಟು ಹೋಗಿ ಸತ್ತರೆ ಫೈಲು ಹಾಗೇ ಉಳಿಯುತ್ತೆ. ಅದನ್ನ ಅಳಿಸಬೇಕು.’

ಮುಖ್ಯಸ್ಥೆ ಭಾವನ ಕಡೆ ತಿರುಗಿದರು. ‘ನಿಮಗೆ ಕೇಳಿಸ್ತಲ್ಲ?’

‘ಕೇಳಿಸ್ತು. ಅದನ್ನ ನಾನೇ ಅವನಿಗೆ ಕಲಿಸಿದ್ದು ಅಂತ ಹೇಳಿ.’

‘ಕಲಿಸಿದ್ದು ಅವರೇ. ಮರೆತಿದ್ದೂ ಅವರೇ ಅಂತ ಹೇಳಿ.’

ಮುಖ್ಯಸ್ಥೆ ಒಮ್ಮೆ ಈಚೆ, ಒಮ್ಮೆ ಆಚೆ ನೋಡಿ, ‘ನಾನು ನೆಟ್‌ವರ್ಕ್ ವಿಭಾಗದವಳು ನಿಜ,’ ಎಂದರು, ‘ಆದ್ರೆ ಎರಡಡಿ ದೂರಕ್ಕೆ ಕೇಬಲ್ ಎಳೆಯೋ ಕೆಲಸ ಇಷ್ಟು ವರ್ಷದಲ್ಲಿ ಬಂದಿರಲಿಲ್ಲ.’ ನಗಬೇಕೋ ಬೇಡವೋ ತಿಳಿಯದೆ ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು.

‘ಕೊಡಿ ಇಲ್ಲಿ,’ ಎಂದು ಭಾವ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. ಹತ್ತಿರದ ಕನ್ನಡಕ ಮನೆಯಲ್ಲೇ ಉಳಿದಿತ್ತು. ಪರದೆಯ ಅಕ್ಷರಗಳು ಸಾಲಿರುವೆಗಳಂತೆ ಕಂಡರೂ ಬೆರಳಿಗೆ ದಾರಿ ಗೊತ್ತಿತ್ತು. ಅಳಿಸುವ ಕಮಾಂಡ್, ಅದರ ಮುಂದೆ ಒಳಗಿರುವುದನ್ನೂ ಸೇರಿಸಿ, ಮತ್ತೆ ಮತ್ತೆ ಕೇಳದೆ ಅಳಿಸು ಎಂಬ ಸೂಚನೆ, ಫೋಲ್ಡರಿನ ಹೆಸರು, ಫೈಲಿನ ಹೆಸರು. ಬೆರಳುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ವಯಸ್ಸು ಹಿಂದಕ್ಕೆ ಸರಿದಂತೆ ಅನಿಸಿ ಭಾವನ ಬೆನ್ನು ನೆಟ್ಟಗಾಯಿತು. ಕಿರುಬೆರಳು ಎಂಟರ್ ಕೀಲಿಯ ಮೇಲೆ ಬಂದು ನಿಂತಿತು.

‘ಭಾವ, ಒತ್ತಬೇಡಿ.’

ಭಾಮೈದ ಅವರ ಮಣಿಕಟ್ಟು ಹಿಡಿದಿದ್ದ.

ಭಾವ ಅಲ್ಲಾಡಲಿಲ್ಲ. ಅವನು ಇನ್ನೊಂದು ಕೈಯಿಂದ ಪರದೆ ತೋರಿಸಿದ. ಫೋಲ್ಡರಿನ ಹೆಸರಿಗೂ ಫೈಲಿನ ಹೆಸರಿಗೂ ನಡುವೆ ಒಂದು ಖಾಲಿ ಜಾಗ ನುಸುಳಿತ್ತು. ಆ ಖಾಲಿ ಜಾಗವಿದ್ದರೆ ಯಂತ್ರ ಎರಡನ್ನೂ ಬಿಡಿಬಿಡಿಯಾಗಿ ಓದುತ್ತದೆ. ಮೊದಲು ಫೋಲ್ಡರನ್ನು ಇಡಿಯಾಗಿ ಗುಡಿಸಿಹಾಕಿ, ಆಮೇಲೆ ಫೈಲಿಗಾಗಿ ತಡಕಾಡುತ್ತದೆ. ಆ ಫೋಲ್ಡರಿನಲ್ಲೇ ನಕ್ಷೆ ಇತ್ತು, ಪಂಪ್ ಹೌಸುಗಳ ಸೆಟ್ಟಿಂಗಿತ್ತು, ಅವರಿಬ್ಬರ ಅಷ್ಟೂ ವರ್ಷದ ದುಡಿಮೆ ಇತ್ತು.

ಮುಖ್ಯಸ್ಥೆ ಬಗ್ಗಿ ನೋಡಿ ಉಸಿರು ಬಿಟ್ಟರು. ಭಾವ ನಿಧಾನವಾಗಿ ಹಿಂದಕ್ಕೆ ಹೋಗಿ ಆ ಖಾಲಿ ಜಾಗವನ್ನು ಅಳಿಸಿದರು.

‘ಈಗ ನೋಡು, ಸರಿಯಿದೆಯಾ?’ ಎಂದರು.

‘ಇನ್ನೊಂದು ಸಲ ಓದ್ತೀನಿ ತಾಳಿ.’ ಭಾಮೈದ ಒಂದೊಂದೇ ಅಕ್ಷರ ಓದಿದ. ‘ಹೂಂ. ಒತ್ತಿ.’

ಒತ್ತಿದರು. ಚಿಕ್ಕ ಫೈಲು ಹೋಯಿತು. ಇಬ್ಬರೂ ನೇರವಾಗಿ ಮಾತಾಡಿಬಿಟ್ಟಿದ್ದೇವೆ ಎಂದು ಇಬ್ಬರಿಗೂ ಹೊಳೆದದ್ದು ಆಮೇಲೆ. ಮುಖ್ಯಸ್ಥೆ ಮಾತ್ರ ಏನೂ ಗಮನಿಸದವರಂತೆ ತಮ್ಮ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡರು.

ಮತ್ತೆ ಶುರು ಮಾಡಿದಾಗ ಸಾಫ್ಟ್‌ವೇರು ಮೊದಲ ಸಲ ಮಿಸುಕಾಡಿತು. ಸಾಲುಗಳು ಒಂದರ ಹಿಂದೆ ಒಂದು ಇಳಿದವು. ಸೆಟ್ಟಿಂಗ್ ಓದಿದೆ, ಸರಿ. ಲೈಸೆನ್ಸ್ ನೋಡಿದೆ, ಸರಿ. ಅಷ್ಟರಲ್ಲಿ ಗಕ್ಕನೆ ನಿಂತಿತು. ಡೇಟಾಬೇಸಿಗೆ ಹೋಗಲಾಗುತ್ತಿಲ್ಲ. ಯಜಮಾನಿ ಸಿಗುತ್ತಿಲ್ಲ.

‘ಯಾರು ಯಜಮಾನಿ?’ ಎಂದರು ಮುಖ್ಯಸ್ಥೆ.

ಭಾವ ಭಾಮೈದನನ್ನು ನೋಡಿದರು. ಅವನು ಆಗಲೇ ನಗುತ್ತಿದ್ದ.

‘ಈ ಯಂತ್ರದ ಹೆಸರೇ ಅದು ಮೇಡಂ,’ ಎಂದ. ‘ತಂದ ದಿನ ಏನು ಹೆಸರಿಡೋದು ಅಂತ ಜಗಳ. ನಮ್ಮಮ್ಮ ಆಗ ಇದ್ದರು. ಇಬ್ಬರಿಗೂ ಸೇರಿಸಿ ಒಂದೇ ಬುತ್ತಿ ಕಟ್ಟೋರು. ಒಬ್ಬ ತಡಮಾಡಿದ್ರೆ ಇನ್ನೊಬ್ಬ ಉಪವಾಸ ಕಾಯಲಿ ಅಂತ. ಅಮ್ಮ ಅಂತ ಇಡೋಣ ಅಂದೆ ನಾನು. ಭಾವ, ಅತ್ತೆ ಅಂತಲೇ ಇಡಬೇಕು ಅಂದ್ರು.’

‘ದೊಡ್ಡ ಗಲಾಟೆ,’ ಎಂದರು ಭಾವ. ‘ಕೊನೆಗೆ ಮನೇಲಿ ಹೋಗಿ ಅವರನ್ನೇ ಕೇಳಿದ್ವಿ. ಎರಡೂ ಬೇಡ, ಯಜಮಾನಿ ಅಂತ ಇಡಿ, ಒಂದು ಕಡೆಯಾದ್ರೂ ನನ್ನ ಮಾತು ನಡೀಲಿ ಅಂದ್ರು.’

ಮುಖ್ಯಸ್ಥೆ ಹಣೆ ಒತ್ತಿಕೊಂಡರು. ‘ಅಯ್ಯೋ, ಇದು ನನ್ನದೇ ಕೈವಾಡ. ಹೋದ ವರ್ಷ ಎಲ್ಲ ಯಂತ್ರಕ್ಕೂ ಒಂದೇ ತರಹದ ಹೆಸರಿಡಿ ಅಂತ ಆರ್ಡರ್ ಬಂತು, ಹಳೇ ಹೆಸರು ಏನಿತ್ತು ಅಂತಲೂ ನೋಡದೆ ಬದಲಾಯಿಸಿಬಿಟ್ಟೆ. ಯಜಮಾನಿ ಹೋಗಿ ನಂಬರ್ ಬಂತು. ಕರೆಂಟು ಹೋಗೋ ತನಕ ಓಡ್ತಾನೇ ಇತ್ತಲ್ಲ, ಗೊತ್ತಾಗಲಿಲ್ಲ. ಸಾಫ್ಟ್‌ವೇರು ಪಾಪ ಹಳೇ ಹೆಸರು ಹಿಡಿದು ಮನೆಯೆಲ್ಲ ಹುಡುಕ್ತಾ ಇದೆ. ಕೂತಿರೋದು ಯಜಮಾನಿಯ ತೊಡೆ ಮೇಲೇನೇ.’ ಹೆಸರು ಮತ್ತು ವಿಳಾಸಗಳ ಫೈಲನ್ನು ಅವರೇ ತೆರೆದು, ಹೊಸ ನಂಬರಿನ ಪಕ್ಕ ಹಳೇ ಹೆಸರನ್ನೂ ಸೇರಿಸಿದರು.

ಈ ಸಲ ಸಾಲುಗಳು ನಿಲ್ಲದೆ ಇಳಿದವು. ಪರದೆ ಒಮ್ಮೆ ಕಪ್ಪಾಗಿ, ನಕ್ಷೆ ಮೂಡಿತು.

ಭಾವ ಕುರ್ಚಿಯ ತುದಿಗೆ ಬಂದರು. ಹೊಳೆಯ ತಿರುವಿಗೆ ಬಳಿದ ಅದೇ ಪೆದ್ದು ನೀಲಿ. ಬೆಟ್ಟದ ಟ್ಯಾಂಕಿಗೆ ಹೋಗುವ ಅದೇ ಸೊಟ್ಟ ಗೆರೆ. ಭಾಮೈದ ಮೌಸಿನಿಂದ ಎಳೆದದ್ದು ಅದು, ಇವರೆಷ್ಟು ಬೈದರೂ ನೆಟ್ಟಗೆ ಮಾಡಿರಲಿಲ್ಲ. ಮೊದಲು ಎಲ್ಲ ಚುಕ್ಕಿಗಳೂ ಕೆಂಪಾಗಿದ್ದವು. ನೋಡುತ್ತಿದ್ದಂತೆ ಒಂದೊಂದೇ ಕಣ್ಣು ಬಿಟ್ಟಂತೆ ಹಸಿರಾದವು.

‘ಇದೇನು ಹೆಸರುಗಳು?’ ಎಂದರು ಮುಖ್ಯಸ್ಥೆ. ‘ದೊಡ್ಡಪ್ಪ, ಓರಗಿತ್ತಿ ಒಂದು, ಓರಗಿತ್ತಿ ಎರಡು, ನೆಂಟ…’

ದೊಡ್ಡಪ್ಪ ಎಂದರೆ ಸದ್ದಿನ ಪಂಪ್ ಹೌಸು, ಅರ್ಧ ಮೈಲಿಗೆ ಕೇಳುತ್ತಿತ್ತು. ಓರಗಿತ್ತಿಯರು ಅಕ್ಕಪಕ್ಕದವರು, ಒಬ್ಬಳು ದುಡಿದರೆ ಇನ್ನೊಬ್ಬಳು ಕೆಟ್ಟು ಕೂರುತ್ತಿದ್ದಳು. ಹೊಳೆದಂಡೆಯ ಹಳೆಯದು ಅಜ್ಜಿ, ಬೆಟ್ಟದ ತುದಿಯದು ನೆಂಟ. ಮನಸ್ಸು ಬಂದಾಗ ಪರದೆಯ ಮೇಲೆ ಮುಖ ತೋರಿಸಿ ಮಾಯವಾಗುತ್ತಿತ್ತು. ಆಗೆಲ್ಲ ಸ್ಕೂಟರಿನ ಹಿಂದೆ ಕೇಬಲ್ ಸುರುಳಿ ತಬ್ಬಿಕೊಂಡು ಭಾಮೈದ, ಮುಂದೆ ಭಾವ. ಚರ್ಮ ಹದಮಾಡುವ ಬೀದಿ, ಇಟ್ಟಿಗೆ ಗೂಡು, ಹೊಳೆದಂಡೆ, ಎಲ್ಲಿ ಚುಕ್ಕಿ ಕೆಂಪಾದರೆ ಅಲ್ಲಿಗೆ. ‘ಭಾವ, ಓರಗಿತ್ತಿ ಮತ್ತೆ ಮುನಿಸಿಕೊಂಡಿದಾಳೆ, ಅಜ್ಜಿ ಉಸಿರಾಡ್ತಿಲ್ಲ,’ ಎಂದು ಭಾಮೈದ ಕಚೇರಿಯ ಫೋನಿನಲ್ಲಿ ಕೂಗುತ್ತಿದ್ದರೆ, ಪಕ್ಕದ ಲೆಕ್ಕಪತ್ರ ವಿಭಾಗಕ್ಕೆ ಹೊಸದಾಗಿ ಬಂದ ಹೆಂಗಸು ಇವರ ಮನೆಯಲ್ಲಿ ಏನೋ ದೊಡ್ಡ ಅನಾಹುತವಾಗಿದೆಯೆಂದು ಕಣ್ಣೀರು ತಂದುಕೊಂಡಿದ್ದಳು.

ಇದನ್ನೆಲ್ಲ ಇಬ್ಬರೂ ಸೇರಿ ಹೇಳಿದರು. ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ. ಮುಖ್ಯಸ್ಥೆ ಕಣ್ಣೊರೆಸಿಕೊಂಡು ನಕ್ಕು, ಆಮೇಲೆ ಪರದೆಯ ಕೆಳಮೂಲೆ ತೋರಿಸಿದರು. ಎಲ್ಲ ಹಸಿರಾದರೂ ಹೊಳೆಯ ಪಕ್ಕ ಒಂದು ಚುಕ್ಕಿ ಕೆಂಪಾಗೇ ಇತ್ತು. ಅಜ್ಜಿ.

‘ಇದೊಂದು ಎದ್ರೆ ಮುಗೀತು. ನಮ್ಮವರನ್ನ ಮಧ್ಯಾಹ್ನ ಕಳಿಸ್ತೀನಿ.’

‘ಅವರಿಗೆ ಪೆಟ್ಟಿಗೆ ಎಲ್ಲಿದೆ ಅಂತ ಗೊತ್ತಾಗಲ್ಲ,’ ಎಂದ ಭಾಮೈದ. ಭಾವನ ಕಡೆ ನೋಡದೆ, ‘ನನ್ನ ಗಾಡಿ ಇದೆ,’ ಎಂದ.

ಹೊಳೆದಂಡೆಯ ಪಂಪ್ ಹೌಸು ಊರಿಗೇ ಮೊದಲನೆಯದು, ಕಲ್ಲಿನ ಗೋಡೆ, ತಗಡಿನ ಮಾಡು. ಒಳಗೆ ಹೊಸ ಬಣ್ಣದ ವಾಸನೆ. ಪೆಟ್ಟಿಗೆ ಕಬ್ಬಿಣದ ಬೀರುವಿನ ಹಿಂದೆ ಗೋಡೆಯ ಗೂಡಿನಲ್ಲಿತ್ತು. ಬಣ್ಣ ಬಳಿಯುವವರು ಬೀರು ಸರಿಸುವಾಗ ಅದರ ಪ್ಲಗ್ಗು ಕಿತ್ತು ಬಂದಿತ್ತು. ಇಷ್ಟಕ್ಕೇ ಅಜ್ಜಿ ಉಸಿರು ಕಟ್ಟಿದ್ದಳು. ಭಾವ ಫೋನಿನ ಟಾರ್ಚು ಹಿಡಿದರು. ಭಾಮೈದ ಹೊಟ್ಟೆಯ ಮೇಲೆ ಮಲಗಿ, ಸಂದಿಯಲ್ಲಿ ಕೈ ಹಾಕಿ ಪ್ಲಗ್ಗು ಚುಚ್ಚಿದ. ಪುಟ್ಟ ದೀಪಗಳು ಪಿಳಿಪಿಳಿ ಮಿನುಗಿದವು. ಅಂಗಿಯ ಮುಂಭಾಗವೆಲ್ಲ ಧೂಳಾಗಿ ಎದ್ದವನನ್ನು ಕಂಡು, ಭಾವ ಯೋಚಿಸದೆ ಕೈಚಾಚಿ ಧೂಳು ಕೊಡವಿದರು. ಕೊಡವಿದ ಮೇಲೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಸಂಪರ್ಕ ಪೂರ್ತಿ ಬರಲು ಹೊತ್ತು ಹಿಡಿಯುತ್ತಿತ್ತು. ಹೊರಗೆ ನೀರಿಗಿಳಿಯುವ ಮೆಟ್ಟಿಲ ಮೇಲೆ ಕೂತರು. ಹೊಳೆ ಕೆಳಮಟ್ಟದಲ್ಲಿ ಹರಿಯುತ್ತಿತ್ತು.

‘ಕ್ಯಾಂಟೀನಿನವನಿಂದ ಗೊತ್ತಾಯ್ತು ನನಗೆ,’ ಎಂದರು ಭಾವ ಕೊನೆಗೆ. ‘ಅದಕ್ಕೇ ಹೊಟ್ಟೆ ಉರಿದಿದ್ದು. ನನ್ನ ಹತ್ರ ಹೇಳಿದ್ರೆ ಬಿಡ್ತಿರಲಿಲ್ಲ ಅಂದುಕೊಂಡ್ಯಾ?’

‘ಬಿಡ್ತಿದ್ರಿ. ಕಣ್ಣಲ್ಲಿ ನೀರು ತುಂಬಿಕೊಂಡು ಬಿಡ್ತಿದ್ರಿ. ಅದನ್ನ ನೋಡಿದ್ರೆ ನಾನು ಹೋಗ್ತಿರಲಿಲ್ಲ.’

‘ಹೋಗೋ ಅಂಥದ್ದೇನಿತ್ತು?’

ಭಾಮೈದ ಉಗುರಿಗಂಟಿದ ಬಣ್ಣ ಕೆರೆಯುತ್ತಾ ಕೂತ. ‘ನಾನೊಬ್ಬನೇ ಈ ಅಜ್ಜಿನ ಎಬ್ಬಿಸಿದ ದಿನ ನೆನಪಿದೆಯಾ? ನಿಮಗೆ ಜ್ವರ ಇತ್ತು. ಮಾರನೇ ದಿನ ಎಲ್ಲರೂ ನಿಮ್ಮನೆಗೆ ಬಂದು ನಿಮಗೇ ಶಹಬ್ಬಾಸ್ ಹೇಳಿದ್ರು. ಭಾವ ಹೇಳಿಕೊಟ್ಟಿರ್ತಾರೆ ಅಂತ. ತಪ್ಪು ನಿಮ್ಮದಲ್ಲ. ಆದ್ರೆ ನಾನು ನಾನಾಗೇ ಏನಾದ್ರೂ ಮಾಡಬಲ್ಲೆನಾ ಅಂತ ನೋಡಬೇಕಿತ್ತು.’

‘ನೋಡಿದ್ಯಾ?’

‘ನೋಡಿದೆ. ಪರವಾಗಿಲ್ಲ. ಅಂಥಾ ಮಹಾ ಏನಲ್ಲ.’ ಆಮೇಲೆ ತಗ್ಗಿದ ದನಿಯಲ್ಲಿ, ‘ಅಲ್ಲಿ ಯಂತ್ರಗಳಿಗೆ ನಂಬರೇ, ಭಾವ. ಜಗಳ ಆಡೋಕೂ ಯಾರಿರಲಿಲ್ಲ,’ ಎಂದ.

ಭಾವನಿಗೆ ಆ ಜ್ವರದ ದಿನ ನೆನಪಿಗೆ ಬಂತು. ಬಂದವರ ಹೊಗಳಿಕೆಗೆ ತಾವು ಅಲ್ಲವೆನ್ನದೆ ದಿಂಬಿಗೊರಗಿ ಸುಮ್ಮನಿದ್ದದ್ದೂ ನೆನಪಾಯಿತು. ಏನಾದರೂ ಹೇಳಬೇಕೆನಿಸಿತು. ‘ಅಂದು ತಟ್ಟೆ ಮುಂದೆ ನಾನು ಆ ಮಾತು ಆಡಬಾರದಿತ್ತು,’ ಎಂದಷ್ಟೇ ಬಾಯಿಗೆ ಬಂತು.

‘ಹೌದು, ಆಡಬಾರದಿತ್ತು,’ ಎಂದ ಭಾಮೈದ. ಅದನ್ನು ಸರಳವಾಗಿ ಹೇಳಿದ, ಮೂದಲಿಕೆ ಇರಲಿಲ್ಲ. ಭಾವನಿಗೆ ಎದೆಯ ಮೇಲಿನ ಯಾವುದೋ ಭಾರ ಇಳಿದಂತಾಯಿತು.

ಫೋನ್ ಗುಣುಗುಟ್ಟಿತು. ಮುಖ್ಯಸ್ಥೆ. ‘ಅಜ್ಜಿ ಹಸಿರಾದಳು. ಎಲ್ಲ ತೆಗೆದುಕೊಂಡೆ. ಇನ್ನು ನಿಲ್ಲಿಸಿಬಿಡ್ತೀನಿ. ಆಗಬಹುದಾ?’

ಭಾವ ಹೊಳೆಯನ್ನೇ ನೋಡುತ್ತಾ ಫೋನನ್ನು ಭಾಮೈದನ ಕೈಗಿಟ್ಟರು. ‘ನೀನೇ ಹೇಳು.’

ಅವನು ಫೋನನ್ನು ಕಿವಿಗಿಟ್ಟ. ‘ನಿಲ್ಲಿಸಿ ಮೇಡಂ. ಪ್ಲಗ್ಗು ಎಳೀಬೇಡಿ. ಕಮಾಂಡ್ ಕೊಟ್ಟು, ಅದು ತಾನಾಗಿ ಮುಗಿಸೋ ತನಕ ಕಾಯಿರಿ.’ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆ ಕೀಲಿಗಳ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ‘ಆಯ್ತು’ ಎಂಬ ಮಾತು. ‘ಆಯ್ತಂತೆ,’ ಎಂದ ಭಾವನಿಗೆ.

ಅವರ ಬೆನ್ನ ಹಿಂದೆ ಪಂಪು ಎಂದಿನಂತೆ ನೀರೆತ್ತುತ್ತಲೇ ಇತ್ತು. ಅದಕ್ಕೆ ಯಾವ ನಕ್ಷೆಯ ಹಂಗೂ ಇರಲಿಲ್ಲ. ಬಿಸಿಲು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ನೀರು ಮುಟ್ಟುವವರೆಗೂ ಇಬ್ಬರೂ ಕೂತಿದ್ದರು. ಯಾವ ವರ್ಷ ಹೊಳೆ ಇಲ್ಲಿಯವರೆಗೆ ಏರಿತ್ತು, ಆ ದಿನದ ಆಪರೇಟರ್ ಮಾಡಿನ ಮೇಲೆ ಹತ್ತಿ ಯಾರನ್ನು ಬೈದ, ಅಂಥ ಮಾತುಗಳು.

ಹೊರಡುವಾಗ ಭಾವನ ಮಂಡಿ ಹಟ ಹಿಡಿಯಿತು. ಗಾಡಿಯ ಸೀಟಿನ ಮೇಲೆ ಕಾಲು ಹಾಯಿಸಲು ಎರಡು ಸಲ ನೋಡಿ ಸೋತರು. ಭಾಮೈದ ಗಾಡಿಯನ್ನು ಅವರ ಕಡೆಗೆ ವಾಲಿಸಿ, ಎರಡೂ ಪಾದ ನೆಲಕ್ಕೂರಿ ಗಟ್ಟಿಯಾಗಿ ನಿಂತ. ಭಾವ ಅವನ ಹೆಗಲು ಹಿಡಿದು ಹತ್ತಿ ಕೂತರು.

‘ಮನೆಗೇ ತಾನೇ?’ ಎಂದ ಅವನು.

‘ಮನೆಗೇ. ನೀನೂ ಊಟ ಮಾಡಿಕೊಂಡೇ ಹೋಗು.’

ಗಾಡಿ ಹೊಳೆದಂಡೆಯ ಮಣ್ಣುದಾರಿ ಬಿಟ್ಟು ರಸ್ತೆ ಹತ್ತಿತು. ಹತ್ತಿದ ಮೇಲೂ ಭಾವ ಅವನ ಹೆಗಲಿನಿಂದ ಕೈ ತೆಗೆಯಲಿಲ್ಲ.